ವಿದ್ಯಾವಾರಿಧಿ ಬ್ಯಾರಿಸ್ಟರ್ ಚಂಪತರಾಯರು

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಿಗಂಬರ ಜೈನ ಸಮಾಜಕ್ಕೆ ಒದಗಿಬಂದ ಗೃಹಸ್ಥ ವಿದ್ವಾಂಸರ ಪೈಕಿ ಬ್ಯಾರಿಸ್ಟರ್ ಚಂಪತರಾಯ್ ಜೈನರ ಹೆಸರು ಉತ್ತರ ಹಿಂದೂಸ್ಥಾನದಲ್ಲಿ ಮನೆಮಾತಾಗಿದ್ದಿತು. ಕನ್ನಡ ನಾಡಿನ ಶ್ರಾವಕರು ಅವರನ್ನು ಅಷ್ಟಾಗಿ ಅರಿತಂತೆ ತೋರುವುದಿಲ್ಲ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ನಿತ್ಯವೂ ಸ್ವಾಧ್ಯಾಯ ಮಾಡುವ ನಮ್ಮ ಮನೆಗಳಿಗೆ ಅವರು ಪರಕೀಯರಲ್ಲ. ಏಕೆಂದರೆ ಗೃಹಸ್ಥನ ಹನ್ನೆರಡು ವ್ರತಗಳನ್ನೂ ಸಲ್ಲೇಖನೆಯ ವಿಧಿಯನ್ನೂ ಹೇಳುವ ಆ ಗ್ರಂಥವನ್ನು ಆಂಗ್ಲ ಭಾಷೆಗೆ ತಂದು, ಸಮುದ್ರದ ಆಚೆಯ ಜನರೂ ಓದುವಂತೆ ಮಾಡಿದವರು ಅವರೇ. ಲಂಡನ್ನಿನಲ್ಲಿ ನ್ಯಾಯಶಾಸ್ತ್ರ ಕಲಿತು, ಕೋರ್ಟಿನಲ್ಲಿ ಹಲವು ವರ್ಷ ವಾದಿಸಿ, ನಡುವಯಸ್ಸು ದಾಟಿದ ಮೇಲೆ ವ್ರತಗಳ ಗ್ರಂಥಕ್ಕೆ ಮರಳಿದವರ ಚರಿತ್ರೆ ಇದು.

ಚಂಪತರಾಯರು 1867ನೆಯ ಇಸವಿ ಆಗಸ್ಟ್ 6ರಂದು ದಿಲ್ಲಿಯ ದಿಗಂಬರ ಕುಟುಂಬವೊಂದರಲ್ಲಿ ಜನಿಸಿದರು. ಪ್ರಾರಂಭದ ವಿದ್ಯಾಭ್ಯಾಸವನ್ನು ಸ್ವದೇಶದಲ್ಲಿ ಮುಗಿಸಿಕೊಂಡು 1892ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನ ಸುಮಾರಿಗೆ, ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. 1897ರಲ್ಲಿ ಬ್ಯಾರಿಸ್ಟರ್ ಆಗಿ ಹಿಂದಿರುಗಿದರು.

ಆ ಕಾಲದಲ್ಲಿ ಬ್ಯಾರಿಸ್ಟರ್ ಆಗುವ ಬಗೆ ಹೇಗಿತ್ತೆಂಬುದನ್ನು ಇಂದಿನ ವಾಚಕರು ತಿಳಿದಿರುವುದು ಅವಶ್ಯ. ಲಂಡನ್ನಿನಲ್ಲಿ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಪುರಾತನ ಸಂಸ್ಥೆಗಳುಂಟು. ಇವುಗಳಲ್ಲೊಂದನ್ನು ಸೇರಿದವನಿಗೆ ಮೊದಲೇ ವಿಶ್ವವಿದ್ಯಾಲಯದ ಪದವಿ ಇರಬೇಕೆಂಬ ಕಟ್ಟಳೆ ಇರಲಿಲ್ಲ. ಹೀಗಾಗಿ ನಮ್ಮ ದೇಶದಿಂದ ಪದವಿಯನ್ನು ಪಡೆಯದೆಯೇ ಹೋಗಿ, ವಿದೇಶದಲ್ಲಿಯೇ ಮೊದಲ ವಿದ್ಯೆಯಾಗಿ ನ್ಯಾಯಶಾಸ್ತ್ರವನ್ನು ಕಲಿತ ತರುಣರು ಅನೇಕರಿದ್ದರು. ಮಹಾತ್ಮಾ ಗಾಂಧಿಯವರು ಭಾವನಗರದ ಸಾಮಲದಾಸ ಕಾಲೇಜಿನಲ್ಲಿ ಒಂದೇ ಅವಧಿ ಓದಿ, 1888ರಲ್ಲಿ ಹಡಗೇರಿದ್ದು ಹೀಗೆಯೇ. ರೋಮನ್ ನ್ಯಾಯದಲ್ಲಿ ಒಂದು ಪರೀಕ್ಷೆ, ಅನಂತರ ಆಂಗ್ಲ ನ್ಯಾಯದಲ್ಲಿ ಕೊನೆಯ ಪರೀಕ್ಷೆ ಇರುತ್ತಿದ್ದವು. ಇವುಗಳಿಗಿಂತಲೂ ವಿಚಿತ್ರವಾದ ನಿಯಮವೊಂದಿತ್ತು: ಹನ್ನೆರಡು ಅವಧಿಗಳು, ಎಂದರೆ ಸುಮಾರು ಮೂರು ವರ್ಷ, ಪ್ರತಿ ಅವಧಿಯಲ್ಲಿಯೂ ಗೊತ್ತಾದಷ್ಟು ಸಲ ಆ ಸಂಸ್ಥೆಯ ಭೋಜನಶಾಲೆಯಲ್ಲಿ ರಾತ್ರಿಯ ಊಟಕ್ಕೆ ಕುಳಿತೇಳಬೇಕು. ಊಟ ಮಾಡದಿದ್ದರೂ ಚಿಂತೆಯಿಲ್ಲ, ಹಾಜರಿ ಮಾತ್ರ ಬೀಳಬೇಕು.

ಜೈನ ಗೃಹಸ್ಥನ ಕಣ್ಣಿನಿಂದ ಈ ಭೋಜನಶಾಲೆಯನ್ನು ನೋಡಿದರೆ ಅದರ ಸಂಕಟ ತಿಳಿಯುತ್ತದೆ. ಮೇಜಿನ ಮೇಲೆ ಮಾಂಸ ಮತ್ತು ಮದ್ಯ. ಕಿಟಕಿಯ ಹೊರಗೆ ಕತ್ತಲೆ. ಸಮಂತಭದ್ರಾಚಾರ್ಯರು ಶ್ರಾವಕನಿಗೆ ಹೇಳಿದ ಅಷ್ಟ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವೂ ಐದು ಅಣುವ್ರತಗಳೂ ಸೇರಿವೆ. ಮುಂದಿನ ಆಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಐದು ಉದುಂಬರ ಫಲಗಳ ತ್ಯಾಗವನ್ನು ಇಟ್ಟರು. ಯಾವ ಮತವನ್ನು ಹಿಡಿದರೂ ಮದ್ಯ ಮಾಂಸಗಳ ವಿಷಯದಲ್ಲಿ ಭೇದವಿಲ್ಲ. ಇನ್ನು ರಾತ್ರಿಭೋಜನದ ವಿಷಯ. ಲಂಡನ್ನು ಉತ್ತರದಲ್ಲಿರುವ ಊರು. ಅಲ್ಲಿ ಡಿಸೆಂಬರ್ ತಿಂಗಳಲ್ಲಿ ಸೂರ್ಯನು ಮಧ್ಯಾಹ್ನ ನಾಲ್ಕು ಗಂಟೆಗೆ ಮೊದಲೇ ಅಸ್ತಮಿಸುತ್ತಾನೆ. ಜೂನ್ ತಿಂಗಳಲ್ಲಿ ಒಂಬತ್ತು ಗಂಟೆ ಕಳೆದರೂ ಬೆಳಕಿರುತ್ತದೆ. ನಮ್ಮ ರಾಯಚೂರಿನಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಸಾಯಂಕಾಲದ ಊಟ ಮುಗಿಸುವ ಮನೆಯವರಿಗೆ ಈ ಏರಿಳಿತದ ಕಲ್ಪನೆಯೂ ಬರುವುದು ಕಷ್ಟ. ಚಳಿಗಾಲದಲ್ಲಿ ಹೊತ್ತಿಗೆ ಮುಂಚೆ ಉಣ್ಣಬೇಕೆಂಬ ವಿದ್ಯಾರ್ಥಿಯು ಪಾಠದ ನಡುವೆಯೇ ಊಟ ಮುಗಿಸಬೇಕು, ಬಳಿಕ ಭೋಜನಶಾಲೆಯಲ್ಲಿ ಬರಿಗೈಯಲ್ಲಿ ಕುಳಿತೇಳಬೇಕು.

ಸಮುದ್ರಯಾನದ ಪ್ರಶ್ನೆ ಬೇರೆ. ಜೈನ ಶಾಸ್ತ್ರದಲ್ಲಿ ಸಮುದ್ರ ದಾಟಬಾರದೆಂಬ ವಿಧಿ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಇರುವುದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಎಲ್ಲಿಯವರೆಗೆ ಹೋಗುವೆನೆಂದು ಶ್ರಾವಕನು ತಾನೇ ಗೊತ್ತುಮಾಡಿಕೊಂಡು, ಮರಣಪರ್ಯಂತ ಆ ಮೇರೆಯನ್ನು ಮೀರದಿರುವುದು ಇದರ ಸ್ವರೂಪ. ಆ ಮೇರೆಯನ್ನು ಗುರುತಿಸಲು ಪ್ರಸಿದ್ಧವಾದ ಸಮುದ್ರ, ನದಿ, ಅಡವಿ, ಪರ್ವತ, ದೇಶಗಳನ್ನೂ ಯೋಜನಗಳ ಲೆಕ್ಕವನ್ನೂ ಬಳಸಬಹುದು. ದೇವದುರ್ಗದ ಶ್ರಾವಕನು ಕೃಷ್ಣಾ ನದಿಯನ್ನೂ ಮಾನ್ವಿಯವನು ತುಂಗಭದ್ರೆಯನ್ನೂ ಎಲ್ಲೆಯಾಗಿ ಇಟ್ಟುಕೊಳ್ಳಬಹುದು. ಬೇಕಾದರೆ ಇಂಗ್ಲೆಂಡನ್ನೂ ಒಳಗೆ ಸೇರಿಸಿಕೊಳ್ಳಬಹುದು. ಎಲ್ಲೆಯ ಆಚೆಗೆ ಸೂಕ್ಷ್ಮ ಪಾಪವೂ ನಡೆಯದಂತೆ ತಡೆಯುವುದೇ ವ್ರತದ ಉದ್ದೇಶ. ಹಡಗನ್ನು ಹತ್ತುವುದರಿಂದ ಜಾತಿ ಕೆಡುವುದೆಂಬ ಮಾತು ಲೋಕಾಚಾರದಿಂದ ಬಂದದ್ದು. ಆದರೂ ಈ ಲೋಕಾಚಾರದ ಬಿಸಿ ಅಂದಿನ ಜೈನರಿಗೆ ಚೆನ್ನಾಗಿಯೇ ತಟ್ಟಿತು. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋದ ವೀರಚಂದ ರಾಘವಜಿ ಗಾಂಧಿಯವರು ತಮ್ಮ ಅಡಿಗೆಯವನನ್ನು ಜೊತೆಯಲ್ಲಿ ಕರೆದುಕೊಂಡೇ ಹೋಗಿದ್ದರು. ಹಾಗಿದ್ದರೂ ಹಿಂದಿರುಗಿದಾಗ ಅವರ ಶ್ವೇತಾಂಬರ ಸಂಘದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಸಮ್ಮೇದ ಶಿಖರದ ಬಳಿ ಹಂದಿಯ ಕೊಬ್ಬಿನ ಕಾರ್ಖಾನೆ ಎದ್ದಾಗ ಕಲ್ಕತ್ತೆಗೆ ಹೋಗಿ, ದಸ್ತಾವೇಜುಗಳನ್ನು ಓದುವುದಕ್ಕಾಗಿಯೇ ಬಂಗಾಳಿ ಕಲಿತು, ಮೊಕದ್ದಮೆಯನ್ನು ಗೆಲ್ಲಿಸಿಕೊಟ್ಟವರು ಇವರು. ಅಂಥವರಿಗೇ ಈ ಗತಿಯಾದರೆ ಸಾಮಾನ್ಯ ವಿದ್ಯಾರ್ಥಿಯ ಪಾಡೇನು?

ಚಂಪತರಾಯರು ಇಂಗ್ಲೆಂಡಿನಿಂದ ಹಿಂದಿರುಗಿ ಅವಧ ಪ್ರಾಂತದ ಹರದೋಯಿಯಲ್ಲಿ ವಕೀಲಿ ವೃತ್ತಿಯನ್ನು ಪ್ರಾರಂಭಿಸಿದರು. ಹರದೋಯಿ ಲಕ್ನೋಗೆ ವಾಯವ್ಯದಲ್ಲಿರುವ ಜಿಲ್ಲಾ ಸ್ಥಳ. ಫೌಜದಾರಿ ಮೊಕದ್ದಮೆಗಳಲ್ಲಿ ಅವರ ಹೆಸರು ಬೇಗನೆ ಮೇಲಕ್ಕೆ ಬಂದಿತು. ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಿಗೆ ಮಾತು ತೂಗಿ, ಹೇಳಿಕೆಯಲ್ಲಿರುವ ವಿರೋಧವನ್ನು ಹೊರಗೆ ಎಳೆಯುವುದು ಆ ವೃತ್ತಿಯ ಹದ. ಮುಂದೆ ಅವರು ಬರೆದ ಗ್ರಂಥಗಳಲ್ಲೆಲ್ಲ ಇದೇ ಹದ ಕಾಣುತ್ತದೆ. ಇದು ಅವುಗಳ ಗುಣವೂ ಹೌದು, ಕೆಲವೊಮ್ಮೆ ದೋಷವೂ ಹೌದು. ಶಾಸ್ತ್ರವಾಕ್ಯವನ್ನು ಸಾಕ್ಷಿಯಂತೆ ಕಟಕಟೆಯಲ್ಲಿ ನಿಲ್ಲಿಸಿದಾಗ ಅದರ ರಸ ಸ್ವಲ್ಪ ಸೋರಿಹೋಗುವುದುಂಟು.

ಆ ವರ್ಷಗಳಲ್ಲಿ ಅವರಿಗೆ ಪಾಶ್ಚಾತ್ಯ ಜೀವನಕ್ರಮವೇ ರೂಢಿಯಾಗಿದ್ದಿತು. ಧರ್ಮದ ಕಡೆಗೆ ಮನಸ್ಸು ಹರಿದಿರಲಿಲ್ಲ. ಬಂಧುವೊಬ್ಬರ ಮರಣವು ಅವರನ್ನು ಅಲುಗಿಸಿತು. ಶಾಂತಿಯನ್ನು ಅರಸುತ್ತ ಮೊದಲು ವೇದಾಂತದ ಗ್ರಂಥಗಳನ್ನು, ಸ್ವಾಮಿ ರಾಮತೀರ್ಥರ ಬರಹಗಳನ್ನು ಓದಿದರು. ಅವುಗಳಿಂದ ಪೂರ್ಣ ಸಮಾಧಾನ ದೊರೆಯಲಿಲ್ಲ. 1913ರಲ್ಲಿ ಬಿಹಾರದ ಆರಾ ಪಟ್ಟಣದ ಕುಮಾರ ದೇವೇಂದ್ರ ಪ್ರಸಾದರ ಪರಿಚಯವಾಯಿತು. ದೇವೇಂದ್ರ ಪ್ರಸಾದರು ಜೈನ ಗ್ರಂಥಗಳನ್ನು ಆಂಗ್ಲದಲ್ಲಿ ಅಚ್ಚು ಮಾಡಿಸಿ ಹೊರಗಿನ ವಿದ್ವಾಂಸರಿಗೆ ಮುಟ್ಟಿಸಬೇಕೆಂದು ಹಗಲಿರುಳು ದುಡಿಯುತ್ತಿದ್ದ ಉತ್ಸಾಹಿ. ಹುಟ್ಟಿನಿಂದ ಜೈನರಾಗಿದ್ದ ಬ್ಯಾರಿಸ್ಟರರಿಗೆ ತಮ್ಮ ಮನೆಯ ಗ್ರಂಥಗಳನ್ನು ತೋರಿಸಿಕೊಟ್ಟವರು ಇವರು. ಆಗ ಚಂಪತರಾಯರಿಗೆ ನಲವತ್ತಾರು ವರ್ಷ.

ಅಲ್ಲಿಂದ ಮುಂದೆ ಅವರ ಲೇಖನಿ ನಿಲ್ಲಲಿಲ್ಲ. ಎರಡೇ ವರ್ಷಗಳಲ್ಲಿ, 1915ರಲ್ಲಿ, ಜ್ಞಾನದ ಕೀಲಿಕೈ ಎಂಬ ಅರ್ಥದ ಹೆಸರಿನ ಬೃಹದ್ಗ್ರಂಥ ಆಂಗ್ಲದಲ್ಲಿ ಹೊರಬಂದಿತು. ಎಲ್ಲ ಮತಗಳ ಪುರಾಣ ಕಥೆಗಳೂ ಆತ್ಮದ ವಿಷಯವನ್ನು ರೂಪಕಗಳಲ್ಲಿ ಮರೆಮಾಡಿ ಹೇಳುತ್ತಿವೆ, ರೂಪಕದ ಮುಸುಕನ್ನು ತೆಗೆದರೆ ಒಳಗೆ ದೊರೆಯುವುದು ಜಿನೋಪದೇಶವೇ ಎಂಬುದು ಅದರ ಪ್ರತಿಪಾದನೆ. ಇದನ್ನು ಎಲ್ಲರೂ ಒಪ್ಪಲಾರರು. ಬೇರೆ ಮತದವನಿಗೆ ತನ್ನ ಗ್ರಂಥದ ಅರ್ಥವನ್ನು ಇನ್ನೊಬ್ಬನು ಹೇಳಿಕೊಡುವುದು ಹಿಡಿಸುವ ಮಾತಲ್ಲ. ಆದರೂ ಸನಾತನಿಗಳ ಸಂಸ್ಥೆಯಾದ ಭಾರತ ಧರ್ಮ ಮಹಾಮಂಡಲವೇ ಅವರಿಗೆ ವಿದ್ಯಾವಾರಿಧಿ ಎಂಬ ಬಿರುದನ್ನು ನೀಡಿತೆಂಬುದು ಅಂದಿನ ವಿದ್ವತ್ಸಭೆಗಳ ಔದಾರ್ಯಕ್ಕೆ ಸಾಕ್ಷಿಯಾಗಿದೆ.

ನಮ್ಮ ವಾಚಕರಿಗೆ ಇದಕ್ಕಿಂತಲೂ ಮುಖ್ಯವಾದದ್ದು 1917ರಲ್ಲಿ ಆರಾದಿಂದ ಪ್ರಕಟವಾದ ರತ್ನಕರಂಡಕದ ಅನುವಾದ. ಅದಕ್ಕೆ ಅವರು ಗೃಹಸ್ಥಧರ್ಮವೆಂಬ ಅರ್ಥದ ಹೆಸರನ್ನು ಕೂಡಿಸಿದರು. ಮೂಲವು ಕೇವಲ ನೂರೈವತ್ತು ಶ್ಲೋಕಗಳ ಕಿರುಗ್ರಂಥ. ಕನ್ನಡದಲ್ಲಿ ಆಯತವರ್ಮನು ಇದನ್ನು ಚಂಪುವಾಗಿ ಬೆಳೆಸಿದ್ದಾನೆ. ಸಮ್ಯಗ್ದರ್ಶನದಿಂದ ಪ್ರಾರಂಭವಾಗಿ ಅಣುವ್ರತ, ಗುಣವ್ರತ, ಶಿಕ್ಷಾವ್ರತ, ಸಲ್ಲೇಖನೆ, ಹನ್ನೊಂದು ಪ್ರತಿಮೆಗಳವರೆಗೆ ಶ್ರಾವಕನ ಜೀವನವೆಲ್ಲ ಅದರಲ್ಲಿ ಅಡಕವಾಗಿದೆ. ವಕೀಲನಾದವನು ಇದನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿಯೊಂದು ವ್ರತಕ್ಕೂ ಲಕ್ಷಣ, ಬಳಿಕ ಅದರ ಐದು ಅತಿಚಾರಗಳು ಎಂಬ ಕ್ರಮವು ನ್ಯಾಯಸಂಹಿತೆಯ ಕ್ರಮದಂತೆಯೇ ಇದೆ. ಅಚೌರ್ಯಾಣುವ್ರತದ ಅತಿಚಾರಗಳನ್ನೇ ನೋಡಬಹುದು: ಕಳ್ಳನಿಗೆ ಉಪಾಯ ಹೇಳಿಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜಶಾಸನವನ್ನು ಮೀರಿ ವ್ಯಾಪಾರ ಮಾಡುವುದು, ಬೆಲೆಯುಳ್ಳ ಪದಾರ್ಥದಲ್ಲಿ ಕಡಿಮೆ ಬೆಲೆಯದನ್ನು ಬೆರೆಸುವುದು, ಕೊಳ್ಳುವಾಗ ಒಂದು, ಮಾರುವಾಗ ಒಂದು ತೂಕವನ್ನು ಇಟ್ಟುಕೊಳ್ಳುವುದು. ಫೌಜದಾರಿ ವಕೀಲನಿಗೆ ಈ ಐದರಲ್ಲಿ ಯಾವುದೂ ಹೊಸದಲ್ಲ. ರಾಯಚೂರಿನ ಹತ್ತಿಯ ಅಡತಿ ಅಂಗಡಿಯವರಿಗೂ ಹೊಸದಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಅನುವಾದದ ಕಷ್ಟವಿದ್ದುದು ಉಪವಾಸದ ಪ್ರಕರಣದಲ್ಲಿ. ಆಂಗ್ಲ ಭಾಷೆಯಲ್ಲಿ ಉಪವಾಸಕ್ಕೆ ಇರುವ ಪದವು ಅನ್ನವನ್ನು ಬಿಡುವುದೆಂಬಷ್ಟನ್ನೇ ಹೇಳುತ್ತದೆ. ಪ್ರೋಷಧೋಪವಾಸವು ಅಷ್ಟರಿಂದ ಮುಗಿಯುವುದಿಲ್ಲ. ಆಚಾರ್ಯರ ಮತದಲ್ಲಿ ಪ್ರೋಷಧವೆಂದರೆ ಒಂದು ಹೊತ್ತಿನ ಊಟ, ಉಪವಾಸವೆಂದರೆ ನಾಲ್ಕು ಬಗೆಯ ಆಹಾರಗಳ ತ್ಯಾಗ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿದ್ದು, ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ಏಕಭುಕ್ತವಿರುವುದು ಪೂರ್ಣ ವಿಧಿ. ಆ ದಿನ ಸ್ನಾನ, ಅಂಜನ, ನಸ್ಯ, ಅಲಂಕಾರ, ಗಂಧಪುಷ್ಪಗಳೂ ಆರಂಭವೂ ವರ್ಜ್ಯ. ಬರಿಯ ಹೊಟ್ಟೆಯನ್ನು ಖಾಲಿ ಬಿಟ್ಟು ಅಂಗಡಿಯ ಲೆಕ್ಕ ಬರೆಯುತ್ತ ಕುಳಿತರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು. ಧರ್ಮಶ್ರವಣದಲ್ಲಿ ಕಿವಿಯನ್ನೂ ಧ್ಯಾನದಲ್ಲಿ ಮನಸ್ಸನ್ನೂ ತೊಡಗಿಸಬೇಕು. ಇಷ್ಟು ಅರ್ಥವನ್ನು ಹೊತ್ತ ಒಂದು ಶಬ್ದವನ್ನು, ಈ ಆಚರಣೆಯನ್ನೇ ಕಾಣದ ಜನರ ಭಾಷೆಗೆ ಇಳಿಸುವುದು ಸುಲಭದ ಕೆಲಸವಲ್ಲ.

ಸಲ್ಲೇಖನೆಯ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ ಧರ್ಮಾರ್ಥವಾಗಿ ಶರೀರವನ್ನು ತ್ಯಜಿಸುವುದು ಅದರ ಲಕ್ಷಣ. ಸ್ನೇಹ, ವೈರ, ಮಮತೆಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ಅವರಿಂದ ಕ್ಷಮೆ ಬೇಡಿ, ಮೊದಲು ಘನಾಹಾರವನ್ನು, ಬಳಿಕ ಹಾಲು ಮೊದಲಾದ ಸ್ನಿಗ್ಧ ಪಾನವನ್ನು, ಬಳಿಕ ಖರಪಾನವನ್ನು ಕ್ರಮಕ್ರಮವಾಗಿ ಬಿಡಬೇಕು. ಬದುಕುವ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ಅಲ್ಲಿ ಅತಿಚಾರವೆಂದು ಎಣಿಸಲ್ಪಟ್ಟಿದೆ. ಆತ್ಮಹತ್ಯೆಗೂ ಇದಕ್ಕೂ ಇರುವ ಅಂತರವು ಈ ಒಂದು ಮಾತಿನಿಂದಲೇ ತಿಳಿಯುತ್ತದೆ. ಸಮಂತಭದ್ರರು ಭಸ್ಮಕ ವ್ಯಾಧಿಯಿಂದ ಬಳಲಿ ಸಲ್ಲೇಖನೆಯನ್ನು ಬೇಡಿದಾಗ, ಇವರಿಂದ ಧರ್ಮಕ್ಕೆ ಆಗಬೇಕಾದದ್ದು ಬಹಳವಿದೆಯೆಂದು ಗುರುಗಳು ಅನುಮತಿ ಕೊಡಲಿಲ್ಲವೆಂದು ದೇವಚಂದ್ರನ ರಾಜಾವಳಿ ಕಥೆಯಲ್ಲಿ ಬರುತ್ತದೆ. ಅನುಮತಿ ದೊರೆಯದವರೇ ಅದರ ವಿಧಿಯನ್ನು ಬರೆದರು. 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳದ ಬೆಟ್ಟಗಳಲ್ಲಿ, ಹಿಂದಿನ ಕೊಪಣ ತೀರ್ಥದಲ್ಲಿ, ಈ ವಿಧಿಯಿಂದ ಮುಡಿಪಿದವರ ನಿಸಿದಿ ಶಾಸನಗಳನ್ನೂ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನೂ ಕಾಣಬಹುದು. ಇದೇ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ರಾಜಸ್ಥಾನದ ಹೈಕೋರ್ಟು 2015ರ ಆಗಸ್ಟ್ 10ರಂದು ತೀರ್ಪಿತ್ತಾಗ ದೇಶದ ಜೈನರೆಲ್ಲ ಬೀದಿಗಿಳಿದುದನ್ನೂ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟುದನ್ನೂ ವಾಚಕರು ಮರೆತಿರಲಾರರು. ನ್ಯಾಯಾಲಯಗಳಿಗೆ ತಿಳಿಯುವ ಭಾಷೆಯಲ್ಲಿ ಸಲ್ಲೇಖನೆಯ ಲಕ್ಷಣವನ್ನು ಒಬ್ಬ ನ್ಯಾಯವಾದಿಯು ತೊಂಬತ್ತೆಂಟು ವರ್ಷ ಮೊದಲೇ ಬರೆದಿಟ್ಟಿದ್ದನು.

ಈ ಕಾರ್ಯದಲ್ಲಿ ಚಂಪತರಾಯರು ಒಂಟಿಯಾಗಿರಲಿಲ್ಲ. ಇಂದೂರಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಗಮಂದರಲಾಲ ಜೈನಿಯವರೂ ಬ್ಯಾರಿಸ್ಟರರೇ. ತತ್ತ್ವಾರ್ಥಸೂತ್ರವನ್ನೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡವನ್ನೂ ಅವರು ಆಂಗ್ಲಕ್ಕೆ ತಂದರು. ಬ್ಯಾರಿಸ್ಟರರಿಂದಲೇ ಪ್ರಾಕೃತ ಸಂಸ್ಕೃತ ಗ್ರಂಥಗಳು ಹೊರದೇಶದ ಬೆಳಕನ್ನು ಕಂಡದ್ದು ಆ ತಲೆಮಾರಿನ ವಿಶೇಷ.

1923ರಲ್ಲಿ ಸಮಾಜದೊಳಗೆ ಭೇದವುಂಟಾಯಿತು. ಅದುವರೆಗೆ ದಿಗಂಬರ ಜೈನ ಮಹಾಸಭೆಯೊಂದೇ ಎಲ್ಲರ ಸಂಸ್ಥೆಯಾಗಿದ್ದಿತು. ಸಾಂಪ್ರದಾಯಿಕ ಪಂಡಿತರಿಗೂ ಇಂಗ್ಲಿಷ್ ಕಲಿತ ಸುಧಾರಕರಿಗೂ ಒಮ್ಮತವಾಗದೆ, ಸುಧಾರಕರು ಹೊರಬಂದು ಅಖಿಲ ಭಾರತವರ್ಷೀಯ ದಿಗಂಬರ ಜೈನ ಪರಿಷತ್ತನ್ನು ಸ್ಥಾಪಿಸಿದರು. ಚಂಪತರಾಯರು ಅದರ ಮುಂದಾಳಾದರು. ಉತ್ತರದ ಮತ್ತು ದಕ್ಷಿಣದ ದಿಗಂಬರರನ್ನು ಒಂದುಗೂಡಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು. ಒಡೆದು ಹೊರಬಂದ ಸಂಸ್ಥೆಯು ಒಗ್ಗೂಡಿಸುವ ಮಾತನ್ನಾಡುವುದು ವಿಪರ್ಯಾಸವೆನ್ನಬಹುದು. ಪಂಡಿತರ ಭಯವೂ ಆಧಾರವಿಲ್ಲದ್ದಾಗಿರಲಿಲ್ಲ. ಆಚಾರವನ್ನು ಸಡಿಲಿಸಿದವನು ಎಲ್ಲಿ ನಿಲ್ಲುವನೆಂದು ಹೇಳಲಾಗದು. ಆದರೆ ಶ್ರಾವಕಾಚಾರವನ್ನು ಅನುವಾದಿಸಿದವನನ್ನೇ ಆಚಾರಕ್ಕೆ ವಿರೋಧಿಯೆಂದು ತಿಳಿದದ್ದು ನ್ಯಾಯವಾಗಲಿಲ್ಲ.

ಇನ್ನು ಅವರ ಕಾನೂನು ವಿದ್ಯೆ ಸಮಾಜಕ್ಕೆ ನೇರವಾಗಿ ಒದಗಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರಿಟಿಷ್ ನ್ಯಾಯಾಲಯಗಳು ಜೈನರನ್ನು ಹಿಂದೂ ಮತದಿಂದ ಭಿನ್ನಮತ ತಳೆದು ಹೊರಬಂದವರೆಂದು ಎಣಿಸಿ, ವಿಶೇಷ ರೂಢಿಯು ಸಾಬೀತಾಗದ ಹೊರತು ಹಿಂದೂ ನ್ಯಾಯವನ್ನೇ ಅನ್ವಯಿಸುತ್ತಿದ್ದವು. ಹೇಳುವುದಕ್ಕೆ ಇದು ಸಣ್ಣ ಮಾತು. ಮನೆಯೊಳಗೆ ಇದರ ಪರಿಣಾಮ ದೊಡ್ಡದು. ಹಿಂದೂ ನ್ಯಾಯದಲ್ಲಿ ದತ್ತಕದ ಮೂಲ ಪಿಂಡಪ್ರದಾನ. ಗಂಡನ ಅನುಮತಿಯಿಲ್ಲದೆ ವಿಧವೆಯು ದತ್ತಕ ಮಾಡಿಕೊಳ್ಳುವುದಕ್ಕೆ ಹಲವು ಪ್ರಾಂತಗಳಲ್ಲಿ ಅಡ್ಡಿಯಿದ್ದಿತು. ಗಂಡನ ಆಸ್ತಿಯಲ್ಲಿ ಅವಳಿಗೆ ಜೀವಮಾನದ ಹಕ್ಕು ಮಾತ್ರ, ಪೂರ್ಣ ಒಡೆತನವಿಲ್ಲ. ಜೈನನಿಗೆ ಪಿಂಡದಲ್ಲಿ ನಂಬಿಕೆಯೇ ಇಲ್ಲ. ಸತ್ತವನ ಜೀವವು ತನ್ನ ಕರ್ಮಾನುಸಾರ ಬೇರೆ ಗತಿಯನ್ನು ಆಗಲೇ ಪಡೆದಿರುತ್ತದೆ. ಮಗನು ಇಟ್ಟ ಅನ್ನದಿಂದ ಅದಕ್ಕೆ ಆಗುವುದೇನೂ ಇಲ್ಲ. ಆದುದರಿಂದ ಜೈನರಲ್ಲಿ ದತ್ತಕವು ಕೇವಲ ಲೌಕಿಕ ವ್ಯವಸ್ಥೆ, ವಿಧವೆಯು ತಾನಾಗಿಯೇ ದತ್ತಕ ಮಾಡಿಕೊಳ್ಳಬಲ್ಲಳು. 1878ರಲ್ಲಿ ಪ್ರೀವಿ ಕೌನ್ಸಿಲ್ಲು ಉತ್ತರದ ಅಗರವಾಲ ಜೈನರ ಮೊಕದ್ದಮೆಯೊಂದರಲ್ಲಿ ಈ ರೂಢಿಯನ್ನು ಒಪ್ಪಿತ್ತು. ಆದರೆ ಪ್ರತಿಯೊಂದು ಊರಿನ ಪ್ರತಿಯೊಬ್ಬ ವಿಧವೆಯೂ ಸಾಕ್ಷಿಗಳನ್ನು ತಂದು ತನ್ನವರ ರೂಢಿಯನ್ನು ಹೊಸದಾಗಿ ಸಾಬೀತು ಮಾಡಬೇಕಾಗುತ್ತಿತ್ತು. ಮೈದುನರು ಆಸ್ತಿಗೆ ಕೈಹಾಕಿದಾಗ ಆ ಸಾಕ್ಷಿಗಳನ್ನು ಅವಳು ಎಲ್ಲಿಂದ ತರಬೇಕು?

ಹರಿಸಿಂಗ ಗೌರರು ತಮ್ಮ ಹಿಂದೂ ಸಂಹಿತೆಯ ಗ್ರಂಥದಲ್ಲಿ ಜೈನರ ವಿಷಯವಾಗಿ ಹಳೆಯ ಅಭಿಪ್ರಾಯವನ್ನೇ ಬರೆದಾಗ ಚಂಪತರಾಯರು ಅದನ್ನು ಖಂಡಿಸಿದರು. ಖಂಡನೆಯೊಂದರಿಂದಲೇ ಕೆಲಸವಾಗದೆಂದು ಬಲ್ಲ ಅವರು, ಭದ್ರಬಾಹು ಸಂಹಿತೆ ಮೊದಲಾದ ಗ್ರಂಥಗಳ ಆಧಾರದಿಂದ ದತ್ತಕ, ದಾಯಭಾಗ, ಸ್ತ್ರೀಧನಗಳ ವಿಧಿಗಳನ್ನು ಕ್ರಮಪಡಿಸಿ 1926ರಲ್ಲಿ ಜೈನ ನ್ಯಾಯವೆಂಬ ಗ್ರಂಥವನ್ನು ಹೊರತಂದರು. ಜಗಮಂದರಲಾಲರು ಹತ್ತು ವರ್ಷ ಮೊದಲೇ ಇದೇ ದಾರಿಯಲ್ಲಿ ಒಂದು ಚಿಕ್ಕ ಗ್ರಂಥವನ್ನು ಬರೆದಿದ್ದರು. 1927ರಲ್ಲಿ ವರದಿಯಾದ ಮದರಾಸು ಹೈಕೋರ್ಟಿನ ತೀರ್ಪೊಂದರಲ್ಲಿ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು, ಜೈನಮತವು ಹಿಂದೂ ಮತದ ಶಾಖೆಯಲ್ಲ, ಪ್ರಾಚೀನವಾದ ಸ್ವತಂತ್ರ ಮತವೆಂದು ಹೊಸ ಸಂಶೋಧನೆಗಳಿಂದ ತಿಳಿದುಬರುತ್ತದೆಂಬ ಅಭಿಪ್ರ್ರಾಯವನ್ನು ಬರೆದರು. ಆದರೂ ಹಿಂದಿನ ತೀರ್ಪುಗಳಿಗೆ ಬದ್ಧರಾಗಿ ಹಳೆಯ ನ್ಯಾಯವನ್ನೇ ಅನುಸರಿಸಬೇಕಾಯಿತು. ಹನ್ನೆರಡು ವರ್ಷಗಳ ಅನಂತರ ಮುಂಬಯಿ ಹೈಕೋರ್ಟಿನಲ್ಲಿಯೂ ಇಂಥದೇ ಮಾತು ಬಂದಿತು. ರಾಯಚೂರು, ಮಾನ್ವಿ, ದೇವದುರ್ಗಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಈ ಭಾಗದ ಮೊಕದ್ದಮೆಗಳು ಲಂಡನ್ನಿನ ಪ್ರೀವಿ ಕೌನ್ಸಿಲ್ಲಿಗೆ ಹೋಗುತ್ತಿರಲಿಲ್ಲ, ಹೊರಗಿನ ಹೈಕೋರ್ಟುಗಳ ತೀರ್ಪುಗಳು ಇಲ್ಲಿಗೆ ನೇರವಾಗಿ ಬದ್ಧವೂ ಆಗಿರಲಿಲ್ಲ. ತೀರ್ಪಿನ ಬಲವಿಲ್ಲದ ಇಂಥ ಕಡೆ, ಅದೂ ಜೈನ ಮನೆಗಳು ವಿರಳವಾಗಿರುವ ಊರುಗಳಲ್ಲಿ, ರೂಢಿಯನ್ನು ತೋರಿಸಿಕೊಡುವ ಗ್ರಂಥದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಸಮ್ಮೇದ ಶಿಖರದ ವ್ಯಾಜ್ಯದಲ್ಲಿಯೂ ಅವರು ದಿಗಂಬರ ಪಕ್ಷಕ್ಕೆ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಇಪ್ಪತ್ತು ತೀರ್ಥಂಕರರ ಮೋಕ್ಷಸ್ಥಾನವಾದ ಆ ಗಿರಿಗಾಗಿ ಅಪರಿಗ್ರಹವನ್ನು ಹೇಳುವ ಎರಡು ಸಂಪ್ರದಾಯದವರು ದಶಕಗಳ ಕಾಲ ಕೋರ್ಟು ಹತ್ತಿದುದು ವಿಷಾದದ ಸಂಗತಿ. 1933ರಲ್ಲಿ ಪ್ರೀವಿ ಕೌನ್ಸಿಲ್ಲಿನವರೆಗೆ ಹೋದ ಮೊಕದ್ದಮೆಯಲ್ಲಿ ಚರಣಪಾದುಕೆಗಳ ಆಕಾರವೂ ಚರ್ಚೆಗೆ ಬಂದಿತು.

ಉತ್ತರ ವಯಸ್ಸಿನಲ್ಲಿ ಅವರು ಯುರೋಪಿನ ಹಲವು ದೇಶಗಳಲ್ಲಿ ಸಂಚರಿಸಿ ಉಪನ್ಯಾಸಗಳನ್ನು ಕೊಟ್ಟರು. 1930ರಲ್ಲಿ ಲಂಡನ್ನಿನಲ್ಲಿ ಋಷಭದೇವರ ಹೆಸರಿನಿಂದ ಜೈನ ಗ್ರಂಥಗಳ ಎರವಲು ಪುಸ್ತಕಾಲಯವನ್ನು ತೆರೆದರು. ವೀರಚಂದ ಗಾಂಧಿಯವರಿಂದ ಜೈನಧರ್ಮವನ್ನು ತಿಳಿದ ಹರ್ಬರ್ಟ್ ವಾರನ್ನರಂಥ ಆಂಗ್ಲ ಜೈನರು ಆ ನಗರದಲ್ಲಿ ಮೊದಲೇ ಇದ್ದರು. ಬೆಳಗಾವಿ ಸೀಮೆಯವರಾದ ಆಚಾರ್ಯ ಶಾಂತಿಸಾಗರರ ಸಂಘವು ಉತ್ತರಕ್ಕೆ ವಿಹಾರ ಮಾಡಿದ ಕಾಲದಲ್ಲಿ ದಿಗಂಬರ ಮುನಿಗಳ ನಗ್ನತ್ವದ ವಿಷಯವಾಗಿ ಎದ್ದ ಆಕ್ಷೇಪಗಳಿಗೆ ಆಂಗ್ಲದಲ್ಲಿ ಒಂದು ಪುಸ್ತಿಕೆಯ ಮೂಲಕ ಉತ್ತರವಿತ್ತರು.

1933ರಲ್ಲಿ, ವೀರಚಂದರು ಮಾತನಾಡಿದ ನಲವತ್ತು ವರ್ಷಗಳ ಮೇಲೆ, ಅದೇ ಷಿಕಾಗೋ ನಗರದಲ್ಲಿ ಸೇರಿದ ವಿಶ್ವಧರ್ಮಗಳ ಸಭೆಯಲ್ಲಿ ಚಂಪತರಾಯರು ಜೈನರ ಪರವಾಗಿ ಭಾಗವಹಿಸಿದರು. ವೀರಚಂದರು ಮೊದಲು ಅಮೆರಿಕೆಯನ್ನು ಕಂಡು ಬಳಿಕ ಲಂಡನ್ನಿನಲ್ಲಿ ನ್ಯಾಯಶಾಸ್ತ್ರಕ್ಕೆ ತೊಡಗಿದವರು. 1901ರಲ್ಲಿ, ಮೂವತ್ತೇಳು ತುಂಬುವ ಮೊದಲೇ ತೀರಿಕೊಂಡರು. ಡಾಕ್ಟರ್ ಅಂಬೇಡ್ಕರರೂ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದ ಮೇಲೆಯೇ ಗ್ರೇಸ್ ಇನ್ ಸೇರಿದರು. ಚಂಪತರಾಯರದು ಇದಕ್ಕೆ ಇದಿರಾದ ಕ್ರಮ. ಇಂಗ್ಲೆಂಡಿನಲ್ಲಿ ಇಂದಿಗೂ ನ್ಯಾಯಶಾಸ್ತ್ರವನ್ನು ಮೊದಲ ಪದವಿಯಾಗಿಯೇ ಓದಬಹುದು. ಅಮೆರಿಕೆಯಲ್ಲಿ ಬೇರೊಂದು ಪದವಿ ಮುಗಿದ ಮೇಲೆ ಮೂರು ವರ್ಷ ಓದಬೇಕು. ಈಗ ನಮ್ಮ ತರುಣರು ಇಂಗ್ಲೆಂಡಿನಲ್ಲಿಯೋ ಬೆಂಗಳೂರಿನಲ್ಲಿಯೋ ನ್ಯಾಯಪದವಿ ಪಡೆದು, ಒಂದು ವರ್ಷದ ಉನ್ನತ ವ್ಯಾಸಂಗಕ್ಕೆ ಅಮೆರಿಕೆಗೆ ಹೋಗುತ್ತಾರೆ. ಹಡಗಿನ ಮೂರು ವಾರ ವಿಮಾನದ ಒಂದು ದಿನವಾಗಿದೆ. ಊಟದ ಮೇಜು ಮತ್ತು ಸೂರ್ಯಾಸ್ತ ಮಾತ್ರ 1892ರಲ್ಲಿ ಇದ್ದಂತೆಯೇ ಇವೆ. ಕಳುಹಿಸುವ ತಂದೆತಾಯಿಗಳು ಶುಲ್ಕದ ಲೆಕ್ಕವನ್ನು ಹಾಕುವಾಗಲೇ ನಿಯಮದ ಮಾತನ್ನೂ ಆಡಿ ಮುಗಿಸುವುದು ಒಳಿತು.

ಚಂಪತರಾಯರು ಮುನಿದೀಕ್ಷೆ ಪಡೆಯಲಿಲ್ಲ. ಗೃಹಸ್ಥರಾಗಿಯೇ ಇದ್ದು 1942ರಲ್ಲಿ ದಿವಂಗತರಾದರು. ಜೈನರಿಗೆ ಪ್ರತ್ಯೇಕ ನ್ಯಾಯಸಂಹಿತೆ ಬೇಕೆಂಬ ಅವರ ಅಪೇಕ್ಷೆ ಈಡೇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಮತ್ತು ದತ್ತಕ ಅಧಿನಿಯಮಗಳು ಜೈನರನ್ನು ಹೆಸರೆತ್ತಿ ಒಳಗೆ ಸೇರಿಸಿಕೊಂಡವು. ಆ ವೇಳೆಗೆ ಹೈದರಾಬಾದ್ ಸಂಸ್ಥಾನವು ಇಲ್ಲವಾಗಿದ್ದುದರಿಂದ ರಾಯಚೂರಿಗೂ ಅವೇ ಅನ್ವಯವಾದವು. ಆದರೆ ಅವುಗಳ ಒಳಗಿನ ಹೂರಣವನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಉತ್ತರಾಧಿಕಾರ ಅಧಿನಿಯಮದ 14ನೆಯ ಕಲಮು ಸ್ತ್ರೀಗೆ ಬಂದ ಆಸ್ತಿಯನ್ನು ಅವಳ ಪೂರ್ಣ ಒಡೆತನಕ್ಕೆ ಬಿಟ್ಟುಕೊಟ್ಟಿತು. ದತ್ತಕ ಅಧಿನಿಯಮವು ವಿಧವೆಗೆ ಯಾರ ಅನುಮತಿಯೂ ಇಲ್ಲದೆ ದತ್ತಕ ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿತು; ಹೆಣ್ಣುಮಗುವನ್ನು ಕೂಡ ದತ್ತಕ ಪಡೆಯಬಹುದೆಂದಿತು; ಹದಿನೈದು ವರ್ಷ ತುಂಬಿದವರನ್ನು ಅಥವಾ ವಿವಾಹಿತರನ್ನು ದತ್ತಕ ಮಾಡಿಕೊಳ್ಳುವ ರೂಢಿ ಇದ್ದವರಿಗೆ ಆ ರೂಢಿಯನ್ನು ಉಳಿಸಿಕೊಟ್ಟಿತು. ಜೈನ ವಿಧವೆಯ ಪರವಾಗಿ ಬ್ಯಾರಿಸ್ಟರರು 1926ರ ಗ್ರಂಥದಲ್ಲಿ ವಾದಿಸಿದ ವಿಷಯಗಳಲ್ಲಿ ಬಹುಪಾಲು ಮೂವತ್ತು ವರ್ಷಗಳ ತರುವಾಯ ದೇಶದ ಸಮಸ್ತ ಹಿಂದೂ ಸ್ತ್ರೀಯರ ಹಕ್ಕಾಯಿತು.